ಹದಿಮೂರರಿಂದ ಹದಿನೈದರ ಮಕ್ಕಳು ಮತ್ತು ವಯಸ್ಕರ ವಿಡಿಯೋ ಗೇಮ್‌ಗಳು: ಹೂಂ ಎನ್ನುವ ಮುನ್ನ, ಉಹೂಂ ಎನ್ನುವ ಮುನ್ನ

ಎಂಟರಿಂದ ಹತ್ತನೆಯ ತರಗತಿಯವರೆಗೆ ಓದುವ ಮಕ್ಕಳ ತಂದೆತಾಯಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಆಟದ ಮೇಲೆ 18+ ಎಂದು ಬರೆದಿದೆ, ಆದರೆ ಕ್ಲಾಸಿನಲ್ಲಿ ಎಲ್ಲರೂ ಆಡುತ್ತಾರಂತೆ. ಆಡಲು ಬಿಡಬಹುದೇ?" ಹದಿಮೂರು, ಹದಿನಾಲ್ಕರ ವಯಸ್ಸಿಗೆ ಇಂಥ ಆಟಗಳಲ್ಲಿ ಹೆಚ್ಚಿನವು ಬೇಡ ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಉತ್ತರವನ್ನು ಪ್ರತಿಯೊಂದು ಆಟಕ್ಕೂ ಬೇರೆಬೇರೆಯಾಗಿ ಪರೀಕ್ಷಿಸಿಯೇ ಕೊಡಬೇಕು. ಏಕೆಂದರೆ 18 ಎಂಬ ಅಂಕಿ ಕೆಲವು ಆಟಗಳಲ್ಲಿ ಹೆದರಿಸಬೇಕಾದುದಕ್ಕಿಂತ ಹೆಚ್ಚು ಹೆದರಿಸುತ್ತದೆ, 12 ಎಂಬ ಅಂಕಿ ಕೆಲವು ಆಟಗಳಲ್ಲಿ ಸುಳ್ಳು ಧೈರ್ಯ ತುಂಬುತ್ತದೆ. ಮನೆಯವರು ಪರದೆಯ ಮೇಲಿನ ರಕ್ತವನ್ನು ನೋಡಿ ಗಾಬರಿಯಾಗುತ್ತಿರುವಾಗ, ತೊಂದರೆ ಹೆಡ್‌ಫೋನಿನ ಮೂಲಕವೋ ಯುಪಿಐ ಮೂಲಕವೋ ಒಳಗೆ ಬಂದಿರುವುದು ಅಪರೂಪವಲ್ಲ.

ಈ ಪರೀಕ್ಷೆಗೆ ನಿಮಗೆ ಬೇಕಾದುದು ಇಷ್ಟು: ಆಟದ ಪೂರ್ಣ ಹೆಸರು, ಮಗು ಆಡುವ ಸಾಧನ, ಆ ಸಾಧನದಲ್ಲಿರುವ ಖಾತೆಯ ವಿವರ, ಮತ್ತು ಬಿಡುವಾದ ಒಂದು ಸಂಜೆ. ಆಟ ಆಡಲು ನಿಮಗೆ ಬರಬೇಕೆಂದೇನೂ ಇಲ್ಲ.

1. ಆಟದ ಹೆಸರನ್ನು ಸರಿಯಾಗಿ ತಿಳಿದುಕೊಳ್ಳಿ

"ಜಿಟಿಎ ಆಡ್ತೀನಿ" ಎಂದು ಮಗ ಹೇಳಿದರೆ ಅದರಿಂದ ನಿಮಗೆ ಏನೂ ತಿಳಿದಂತಾಗಲಿಲ್ಲ. ಜಿಟಿಎ ಎಂಬುದು 'ಗ್ರ್ಯಾಂಡ್ ಥೆಫ್ಟ್ ಆಟೊ' ಎಂಬ ಆಟಗಳ ಸರಣಿಯ ಚಿಕ್ಕ ಹೆಸರು. ಅದು 2004ರ ಸ್ಯಾನ್ ಆಂಡ್ರಿಯಾಸ್ ಆಗಿರಬಹುದು, 2013ರ ಜಿಟಿಎ 5 ಆಗಿರಬಹುದು, ಜಿಟಿಎ 5ರ ಆನ್‌ಲೈನ್ ಭಾಗವಾಗಿರಬಹುದು, ಅಥವಾ ಯಾರೋ ಮಾರ್ಪಡಿಸಿ ಹಂಚಿದ ಮೋಡ್ ಆಗಿರಬಹುದು. ಮೋಡ್ ಎಂದರೆ ಮೂಲ ಆಟಕ್ಕೆ ಹೊರಗಿನವರು ಸೇರಿಸುವ ಬದಲಾವಣೆ. ಹೊಸ ವಾಹನ, ಹೊಸ ಊರು, ಕೆಲವೊಮ್ಮೆ ಮೂಲ ಆಟದಲ್ಲಿಲ್ಲದ ಅಶ್ಲೀಲ ದೃಶ್ಯಗಳೂ ಅದರಲ್ಲಿ ಇರಬಹುದು, ಮತ್ತು ಅವುಗಳಿಗೆ ಯಾವ ವಯೋಮಿತಿಯ ಮುದ್ರೆಯೂ ಇರುವುದಿಲ್ಲ.

ಆದ್ದರಿಂದ ಫೋನ್, ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್‌ನಲ್ಲಿ ಆಟವನ್ನು ತೆರೆಸಿ, ಮೊದಲ ಪರದೆಯಲ್ಲಿ ಕಾಣುವ ಹೆಸರನ್ನು ಬರೆದುಕೊಳ್ಳಿ. ಆಟ ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಆಟವನ್ನು ಎಪಿಕೆ ಕಡತದ ಮೂಲಕ, ಅಂದರೆ ಯಾವುದೋ ಜಾಲತಾಣದಿಂದಲೋ ಸ್ನೇಹಿತನ ಫೋನಿನಿಂದಲೋ ನೇರವಾಗಿ ತಂದು ಹಾಕಿಕೊಂಡಿದ್ದರೆ, ಮುಂದಿನ ಹಂತಗಳಿಗೆ ಹೋಗುವ ಅಗತ್ಯವೇ ಇಲ್ಲ, ಅದನ್ನು ತೆಗೆಸಿಬಿಡಿ. ಅಂಥ ಕಡತದೊಳಗೆ ಏನಿದೆ ಎಂದು ನೀವಾಗಲಿ ಮಗುವಾಗಲಿ ತಿಳಿಯುವ ಮಾರ್ಗವಿಲ್ಲ.

2. ವಯೋಮಿತಿಯ ಮುದ್ರೆಯನ್ನು ಓದುವುದು ಹೇಗೆ

ಸಿನಿಮಾಗಳಿಗೆ ನಮ್ಮಲ್ಲಿ ಪ್ರಮಾಣೀಕರಣ ಮಂಡಳಿ ಇದೆ. 2024ರ ನಿಯಮಗಳ ಬಳಿಕ ಯುಎ ಪ್ರಮಾಣಪತ್ರವೂ 7+, 13+, 16+ ಎಂದು ಮೂರಾಗಿದೆ. ವಿಡಿಯೋ ಗೇಮ್‌ಗಳಿಗೆ ಅಂಥದೊಂದು ಭಾರತೀಯ ಮಂಡಳಿ ಇಲ್ಲ. ನೀವು ನೋಡುವ ಮುದ್ರೆಗಳು ಹೊರಗಿನ ವ್ಯವಸ್ಥೆಗಳವು.

ಒಂದು, ಅಮೆರಿಕದ ಇಎಸ್‌ಆರ್‌ಬಿ. ಮಾರ್ಟಲ್ ಕಾಂಬ್ಯಾಟ್‌ನಂಥ ಆಟಗಳ ಬಗ್ಗೆ 1993ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿದ ನಂತರ, ಸರ್ಕಾರವೇ ಕಾನೂನು ತರುವ ಮುನ್ನ ಉದ್ಯಮವು 1994ರಲ್ಲಿ ತಾನಾಗಿ ಕಟ್ಟಿಕೊಂಡ ಮಂಡಳಿ ಇದು. ಇದರಲ್ಲಿ 'ಇ' ಎಲ್ಲರಿಗೂ, 'ಟಿ' 13 ದಾಟಿದವರಿಗೆ, 'ಎಂ' 17 ದಾಟಿದವರಿಗೆ, 'ಎಓ' 18 ದಾಟಿದವರಿಗೆ ಮಾತ್ರ. ಎರಡು, 2003ರಲ್ಲಿ ಆರಂಭವಾದ ಯುರೋಪಿನ ಪೆಗಿ. ಇದರ ಹಂತಗಳು 3, 7, 12, 16, 18. ಮೂರು, ಐಎಆರ್‌ಸಿ, ಭಾರತದ ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ ಕಾಣುವ 12+, 16+, 18+ ಮುದ್ರೆಗಳು ಇದರವು. ಆಟ ತಯಾರಿಸಿದವರು ತಾವೇ ತುಂಬುವ ಪ್ರಶ್ನಾವಳಿಯ ಆಧಾರದ ಮೇಲೆ ಈ ಮೂರನೆಯ ಮುದ್ರೆ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಒಂದೇ ಆಟಕ್ಕೆ ಎರಡು ಕಡೆ ಎರಡು ಅಂಕಿ ಇರಬಹುದು. ಬಂದೂಕಿನ ಆಟವಾದ ವ್ಯಾಲರಂಟ್‌ಗೆ ಇಎಸ್‌ಆರ್‌ಬಿ 'ಟಿ', ಅಂದರೆ 13, ಕೊಟ್ಟಿದೆ. ಪೆಗಿ 16 ಕೊಟ್ಟಿದೆ. ಬಂದೂಕಿನ ವಿಷಯದಲ್ಲಿ ಯುರೋಪು ಹೆಚ್ಚು ಬಿಗಿ. ಹೀಗೆ ಭೇದ ಕಂಡಾಗ ಹೆಚ್ಚಿನ ಅಂಕಿಯನ್ನೇ ಹಿಡಿದುಕೊಳ್ಳಿ ಎಂಬುದು ನನ್ನ ಸಲಹೆ.

ಅಂಕಿಗಿಂತ ಮುಖ್ಯವಾದದ್ದು ಅದರ ಪಕ್ಕದಲ್ಲಿರುವ ಸಣ್ಣ ಅಕ್ಷರಗಳು. ಆ ಅಂಕಿ ಏಕೆ ಬಂತು ಎಂಬ ಕಾರಣ ಅಲ್ಲಿರುತ್ತದೆ: ತೀವ್ರ ಹಿಂಸೆ, ರಕ್ತಪಾತ, ಲೈಂಗಿಕ ದೃಶ್ಯ, ನಗ್ನತೆ, ಬೈಗುಳ, ಮಾದಕವಸ್ತು, ಜೂಜು. ಆಟದ ಹೆಸರನ್ನು ಇಎಸ್‌ಆರ್‌ಬಿ ಜಾಲತಾಣದಲ್ಲಿ ಹುಡುಕಿದರೆ, ಅನೇಕ ಆಟಗಳಿಗೆ ಯಾವ ದೃಶ್ಯದಿಂದಾಗಿ ಆ ಮುದ್ರೆ ಬಂತು ಎಂಬ ಪುಟ್ಟ ವಿವರಣೆಯೂ ಸಿಗುತ್ತದೆ.

ಎಚ್ಚರಿಕೆ: ಈ ಯಾವ ಮುದ್ರೆಯೂ ಆನ್‌ಲೈನ್‌ನಲ್ಲಿ ಎದುರಾಗುವ ಮನುಷ್ಯರನ್ನು ಅಳೆಯುವುದಿಲ್ಲ. ಆಟದೊಳಗೆ ಇನ್ನೊಬ್ಬ ಆಟಗಾರ ನಿಮ್ಮ ಮಗಳಿಗೆ ಏನು ಹೇಳುತ್ತಾನೆ ಎಂಬುದು ರೇಟಿಂಗ್‌ನ ವ್ಯಾಪ್ತಿಗೆ ಬರುವುದೇ ಇಲ್ಲ.

3. ಕಾರಣಗಳನ್ನು ಬೇರೆಬೇರೆಯಾಗಿ ತೂಗಿ

ಹೆಚ್ಚಿನವರು ಹಿಂಸೆಯನ್ನೇ ಮೊದಲ ಭಯವಾಗಿ ಹೇಳುತ್ತಾರೆ, ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ. ಹಿಂಸಾತ್ಮಕ ಆಟ ಆಡಿದ ಮಗು ಹಿಂಸೆಗೆ ಇಳಿಯುತ್ತದೆಯೇ? ಅಮೆರಿಕದ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2015ರ ತನ್ನ ನಿರ್ಣಯವನ್ನು 2020ರಲ್ಲಿ ಪರಿಷ್ಕರಿಸಿ, ಇಂಥ ಆಟಗಳಿಗೂ ಕೂಗಾಟ, ತಳ್ಳಾಟದಂಥ ವರ್ತನೆಗಳಿಗೂ ಸಣ್ಣ ಪ್ರಮಾಣದ ಸಂಬಂಧ ಕಾಣುತ್ತದೆ, ಆದರೆ ಗಂಭೀರ ಹಿಂಸಾಚಾರಕ್ಕೆ ಆಟಗಳೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಹೇಳಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ, 14 ಮತ್ತು 15 ವರ್ಷದ ಸುಮಾರು 1,000 ಬ್ರಿಟಿಷ್ ಮಕ್ಕಳ ಅಧ್ಯಯನದಲ್ಲಿ, ಹಿಂಸಾತ್ಮಕ ಆಟಗಳಿಗೂ ಮಕ್ಕಳ ಆಕ್ರಮಣಕಾರಿ ನಡವಳಿಕೆಗೂ ಸಂಬಂಧ ಕಾಣಲಿಲ್ಲ. ಅವರು ಮಕ್ಕಳ ನಡವಳಿಕೆಯ ಬಗ್ಗೆ ಪೋಷಕರನ್ನು ಕೇಳಿದ್ದರು, ಆಟದ ಹಿಂಸೆಯನ್ನು ಅಳೆಯಲು ಅಧಿಕೃತ ರೇಟಿಂಗ್‌ಗಳನ್ನೇ ಬಳಸಿದ್ದರು. ಹಾಗಾಗಿ "ಆಟ ಆಡಿ ಕೊಲೆಗಾರನಾಗುತ್ತಾನೆ" ಎಂಬ ಮಾತನ್ನು ಮನೆಯಲ್ಲಿ ಬಳಸಬೇಡಿ. ಅದು ಆಧಾರವಿಲ್ಲದ ಮಾತು ಎಂಬುದು ಮಗುವಿಗೆ ಗೊತ್ತಿರುತ್ತದೆ, ಮತ್ತು ಆ ಒಂದು ಮಾತಿನಿಂದ ನೀವು ಹೇಳುವ ಉಳಿದ ಸರಿಯಾದ ಮಾತುಗಳೂ ಬೆಲೆ ಕಳೆದುಕೊಳ್ಳುತ್ತವೆ.

ಹಾಗೆಂದು ಹಿಂಸೆ ಲೆಕ್ಕಕ್ಕೇ ಇಲ್ಲವೆಂದಲ್ಲ. ಅಧ್ಯಯನಗಳು ಸರಾಸರಿಯನ್ನು ಹೇಳುತ್ತವೆ. ನಿಮ್ಮ ಮಗು ರಾತ್ರಿ ಬೆಚ್ಚಿ ಏಳುತ್ತದೆಯೇ ಎಂಬುದು ನಿಮಗಷ್ಟೇ ಗೊತ್ತು. ಹಿಂಸೆಯಲ್ಲೂ ಬಗೆಗಳಿವೆ. ದೂರದಿಂದ ಗುಂಡು ಹಾರಿಸಿದಾಗ ಎದುರಾಳಿ ಹೊಗೆಯಂತೆ ಮಾಯವಾಗುವುದು ಒಂದು ಬಗೆ. ನೋವುಣ್ಣುವವನ ಮುಖವನ್ನು ಹತ್ತಿರದಿಂದ ತೋರಿಸುತ್ತಾ ಆಡುವವನ ಕೈಯಿಂದಲೇ ಆ ನೋವನ್ನು ಮಾಡಿಸುವುದು ಬೇರೆಯದೇ ಬಗೆ. ನಾನು ಎರಡನೆಯದನ್ನು 16ರ ಕೆಳಗಿನವರಿಗೆ ಒಪ್ಪುವುದಿಲ್ಲ.

ಲೈಂಗಿಕ ವಿಷಯಕ್ಕೆ ಇನ್ನೂ ಬಿಗಿಯಾದ ಗೆರೆ ಬೇಕು. ಹದಿಮೂರರ ಹುಡುಗನಿಗೆ ಈ ಬಗ್ಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಬಾಯಿಬಿಟ್ಟು ಏನನ್ನೂ ಹೇಳಿರುವುದಿಲ್ಲ. ಹೀಗಿರುವಾಗ ಹೆಣ್ಣನ್ನು ಹಣ ಕೊಟ್ಟು ಪಡೆಯುವ ವಸ್ತುವಿನಂತೆ ತೋರಿಸುವ ಆಟವೇ ಅವನ ಮೊದಲ ಪಾಠವಾಗಬಾರದು. ಬೈಗುಳದ ವಿಷಯದಲ್ಲಿ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಶಾಲಾ ವ್ಯಾನಿನಲ್ಲಿ ಅವರು ಕೇಳುವುದು ಇದಕ್ಕಿಂತ ಕಡಿಮೆಯೇನಲ್ಲ.

4. ಆಟವನ್ನು ಕಣ್ಣಾರೆ ನೋಡಿ

ಯೂಟ್ಯೂಬ್‌ನಲ್ಲಿ ಆಟದ ಹೆಸರಿನ ಜೊತೆ 'ವಾಕ್‌ಥ್ರೂ' ಎಂದು ಸೇರಿಸಿ ಹುಡುಕಿ. ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ತೋರಿಸುವ ವಿಡಿಯೋಗೆ ಹೀಗೆನ್ನುತ್ತಾರೆ. 'ನೋ ಕಾಮೆಂಟರಿ' ಎಂದೂ ಸೇರಿಸಿದರೆ ಆಡುವವನ ಹರಟೆ ಇಲ್ಲದ ವಿಡಿಯೋ ಸಿಗುತ್ತದೆ. ಟ್ರೇಲರ್ ನೋಡಿ ತೀರ್ಮಾನಿಸಬೇಡಿ, ಅದು ಜಾಹೀರಾತು. ಆರಂಭದ ಅರ್ಧ ಗಂಟೆ ನೋಡಿ, ಆಮೇಲೆ ನಡುವಿನ ಎಲ್ಲಾದರೂ ಇನ್ನೊಂದು ಅರ್ಧ ಗಂಟೆ ನೋಡಿ.

ನಡುವಿನ ಭಾಗವನ್ನು ನೋಡಬೇಕು ಎಂದು ಏಕೆ ಹೇಳುತ್ತೇನೆಂದರೆ, ಜಿಟಿಎ 5ರ ಮೊದಲ ಭಾಗ ಹೆಚ್ಚಾಗಿ ಕಾರು ಓಡಿಸುವುದು, ಪೊಲೀಸರಿಂದ ತಪ್ಪಿಸಿಕೊಳ್ಳುವುದು. ನೋಡಿದವರಿಗೆ ಮಸಾಲೆ ಸಿನಿಮಾದಂತೆಯೇ ಕಾಣುತ್ತದೆ. ಆದರೆ ಅದೇ ಕಥೆಯಲ್ಲಿ ಮುಂದೆ 'ಬೈ ದ ಬುಕ್' ಎಂಬ ಘಟ್ಟ ಬರುತ್ತದೆ. ಕುರ್ಚಿಗೆ ಕಟ್ಟಿದ ಒಬ್ಬ ವ್ಯಕ್ತಿ, ಪಕ್ಕದ ಮೇಜಿನ ಮೇಲೆ ಸ್ಪ್ಯಾನರ್, ಇಕ್ಕಳ, ವಿದ್ಯುತ್ ತಂತಿ, ನೀರಿನ ಕ್ಯಾನ್. ಯಾವುದನ್ನು ಎತ್ತಿಕೊಳ್ಳಬೇಕೆಂದು ಆಟಗಾರನೇ ಆರಿಸಬೇಕು. ಇಕ್ಕಳ ಆರಿಸಿದರೆ, ಕೈಯಲ್ಲಿರುವ ಕಂಟ್ರೋಲರ್‌ನ ಕಡ್ಡಿಯನ್ನು ತಿರುಗಿಸುತ್ತಾ ಆ ವ್ಯಕ್ತಿಯ ಹಲ್ಲನ್ನು ಕೀಳಬೇಕು. ಸಿನಿಮಾದಲ್ಲಿ ಇಂಥದ್ದನ್ನು ನೋಡುವಾಗ ಮುಖ ತಿರುಗಿಸಬಹುದು. ಇಲ್ಲಿ ಹೆಬ್ಬೆರಳು ತಿರುಗದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಚಿತ್ರಹಿಂಸೆಯ ಮೇಲಿನ ಕಟು ಟೀಕೆ ಎಂದು ಓದುವ ವಿಮರ್ಶಕರಿದ್ದಾರೆ, ಆ ಓದಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಆ ವ್ಯಂಗ್ಯವನ್ನು ಗುರುತಿಸಲು ಬೇಕಾದ ಪ್ರೌಢತೆಯನ್ನು ಒಂಬತ್ತನೆಯ ತರಗತಿಯ ಮಗುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಕೆಲವು ಆಟಗಳು ತಾವೇ ದಾರಿ ಬಿಟ್ಟುಕೊಡುತ್ತವೆ. 2009ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರಲ್ಲಿ ವಿಮಾನ ನಿಲ್ದಾಣದ ಹತ್ಯಾಕಾಂಡದ ಘಟ್ಟಕ್ಕೆ ಮುನ್ನ, ಇದನ್ನು ಬಿಟ್ಟು ಮುಂದೆ ಹೋಗಬೇಕೆ ಎಂದು ಆಟವೇ ಕೇಳುತ್ತದೆ. ರಕ್ತವನ್ನು ಮರೆಮಾಡುವ ಅಥವಾ ಬೈಗುಳವನ್ನು ಅಡಗಿಸುವ ಆಯ್ಕೆಯೂ ಕೆಲವು ಆಟಗಳ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅಂಥದ್ದು ಇದೆಯೇ ಎಂದು ಮಗುವನ್ನೇ ಕೇಳಿ, ತೋರಿಸಲು ಹೇಳಿ.

5. ಅಪರಿಚಿತರನ್ನೂ ಹಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ನಮ್ಮ ಹಳ್ಳಿ ಪಟ್ಟಣಗಳಲ್ಲಿ ಮಕ್ಕಳು ಆಡುವುದು ದುಬಾರಿ ಕನ್ಸೋಲ್‌ನಲ್ಲಿ ಕಡಿಮೆ, ಫೋನಿನಲ್ಲಿ ಹೆಚ್ಚು. ಆಡುವ ಆಟ ಬಿಜಿಎಂಐ ಅಥವಾ ಫ್ರೀ ಫೈರ್ ಮ್ಯಾಕ್ಸ್. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾದ ಬಳಿಕ 2021ರಲ್ಲಿ ಬಂದ ಭಾರತೀಯ ಆವೃತ್ತಿಯೇ ಬಿಜಿಎಂಐ. ಅದರಲ್ಲಿ ರಕ್ತದ ಬಣ್ಣವನ್ನು ಹಸಿರು ಮಾಡಿದ್ದಾರೆ, 'ಕಿಲ್' ಎಂಬ ಪದವನ್ನು ತೆಗೆದು 'ಫಿನಿಶ್' ಎಂದಿದ್ದಾರೆ, 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದ್ದಾರೆ. ಎಲ್ಲವೂ ಸರಿ. ಆದರೆ ಮಗು ಖಾತೆ ತೆರೆಯುವಾಗಲೇ ತನ್ನನ್ನು ವಯಸ್ಕನೆಂದು ತೋರಿಸಿಕೊಂಡಿದ್ದರೆ ಆ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಹಸಿರು ರಕ್ತದ ಆಟದಲ್ಲೂ ವಾಯ್ಸ್ ಚಾಟ್, ಅಂದರೆ ಆಡುತ್ತಲೇ ತಂಡದ ಇತರರೊಡನೆ ಮಾತನಾಡುವ ಸೌಲಭ್ಯ, ತೆರೆದೇ ಇರುತ್ತದೆ. ಆ ತಂಡದಲ್ಲಿ ಇಪ್ಪತ್ತೈದು ವರ್ಷದ ಅಪರಿಚಿತನೂ ಇರಬಹುದು. ಹುಡುಗಿಯ ದನಿ ಕೇಳಿದೊಡನೆ ಮಾತಿನ ಧಾಟಿ ಬದಲಾಗುವುದನ್ನು ಹೆಣ್ಣುಮಕ್ಕಳ ಪೋಷಕರು ಒಮ್ಮೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಸಾಕು.

ಹಣದ ಮಾತು. ಬಿಜಿಎಂಐಯಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್ ಎಂಬ ಆಟದ ನಾಣ್ಯಗಳನ್ನು ನಿಜವಾದ ರೂಪಾಯಿ ಕೊಟ್ಟು ಕೊಳ್ಳಬೇಕು. ಅವುಗಳಿಂದ ಬಟ್ಟೆ, ಬಂದೂಕಿನ ಬಣ್ಣ, ಪೆಟ್ಟಿಗೆಗಳು ಸಿಗುತ್ತವೆ. ಒಳಗೆ ಏನಿದೆಯೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗೆ ಲೂಟ್ ಬಾಕ್ಸ್ ಎನ್ನುತ್ತಾರೆ. ಜಾತ್ರೆಯ ಲಕ್ಕಿ ಡಿಪ್ ಇದ್ದಂತೆ, ಆದರೆ ಈ ಜಾತ್ರೆ ಮುಗಿಯುವುದಿಲ್ಲ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳನ್ನು, ಬಿಜಿಎಂಐಯಂಥವನ್ನಲ್ಲ. ಹಾಗಾಗಿ "ಸರ್ಕಾರವೇ ಬ್ಯಾನ್ ಮಾಡಿದೆಯಲ್ಲ" ಎಂದುಕೊಂಡು ನೆಮ್ಮದಿಯಾಗಿರಬೇಡಿ.

ಎಚ್ಚರಿಕೆ: ನಿಮ್ಮ ಯುಪಿಐ ಪಿನ್ ಮಗುವಿಗೆ ಗೊತ್ತಿದ್ದರೆ ಇಂದೇ ಬದಲಿಸಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಗೊತ್ತಿಲ್ಲದೆ ಖರೀದಿಯಾಗಿಬಿಟ್ಟಿದ್ದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್ ಮೂಲಕವೇ ಹಣ ವಾಪಸ್ ಕೋರಿ. ಅದು ದಾಟಿದರೆ ಆಟದ ಕಂಪನಿಯನ್ನೇ ಕೇಳಬೇಕಾಗುತ್ತದೆ. ಯಾರಾದರೂ ಮೋಸದಿಂದ ಹಣ ಎಗರಿಸಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

6. ತೀರ್ಮಾನಿಸಿ

ಇಲ್ಲಿಯವರೆಗೆ ಕಲೆಹಾಕಿದ್ದನ್ನು ಮುಂದಿಟ್ಟುಕೊಂಡು ನಾನಾಗಿದ್ದರೆ ಹೀಗೆ ನಿರ್ಧರಿಸುತ್ತೇನೆ. ಹದಿಮೂರು, ಹದಿನಾಲ್ಕಕ್ಕೆ 'ಎಂ' ಅಥವಾ 18 ಮುದ್ರೆಯ ಆಟ ಬೇಡ. ಹದಿನೈದಕ್ಕೆ, ಒಬ್ಬನೇ ಆಡುವ, ಕಥೆಯಿರುವ, ಅಪರಿಚಿತರ ಸಂಪರ್ಕವಿಲ್ಲದ ಆಟವಾಗಿದ್ದು, ಮುದ್ರೆಗೆ ಕಾರಣ ಮುಖ್ಯವಾಗಿ ಕಾಳಗವೇ ಆಗಿದ್ದರೆ, ಹಾಲ್‌ನಲ್ಲಿ ಎಲ್ಲರೂ ಓಡಾಡುವ ಕಡೆ ಕೂತು ಆಡುವ ಷರತ್ತಿನ ಮೇಲೆ ಒಪ್ಪಬಹುದು. 2018ರ ಗಾಡ್ ಆಫ್ ವಾರ್ ಅಂಥದೊಂದು: ಕಾಳಗ ಘೋರವೇ, ಆದರೆ ಕಥೆ ತಾಯಿಯನ್ನು ಕಳೆದುಕೊಂಡ ಹುಡುಗ ಮತ್ತು ಮಾತು ಬಾರದಷ್ಟು ಬಿಗಿಯಾದ ತಂದೆಯದು; ಪಕ್ಕದಲ್ಲಿ ಕೂತು ನೋಡುವ ಅಪ್ಪನಿಗೂ ಯೋಚನೆಗೆ ಹಚ್ಚುತ್ತದೆ. ಜಿಟಿಎ 5 ಮತ್ತು ಅದರ ಆನ್‌ಲೈನ್ ಭಾಗಕ್ಕೆ ಮಾತ್ರ ಮುದ್ರೆಯಲ್ಲಿರುವ ವಯಸ್ಸು ತುಂಬುವವರೆಗೆ ಕಾಯಿಸುತ್ತೇನೆ.

ತಂದೆ ಒಪ್ಪಿ ತಾಯಿ ನಿರಾಕರಿಸಿದರೆ ಆ ಜಗಳ ಮಗುವಿನ ಎದುರು ಬೇಡ. ಮೊದಲು ನೀವಿಬ್ಬರೂ ಕೂತು ಮಾತಾಡಿ, ಆಮೇಲೆ ಒಂದೇ ಮಾತು ಹೇಳಿ.

7. ಸೆಟ್ಟಿಂಗ್ಸ್ ಬಿಗಿ ಮಾಡಿ

ತೀರ್ಮಾನ ಏನೇ ಆಗಿರಲಿ, ಸಾಧನದಲ್ಲಿ ಅದು ದಾಖಲಾಗಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್ ಎಂಬ ಕ್ರಮದಲ್ಲಿ ಹೋಗಿ. ಒಂದು ಪಿನ್ ಇಟ್ಟು ಆಟಗಳ ವಯೋಮಿತಿ ಆರಿಸಿ. ಈಗಾಗಲೇ ಇರುವ ಆಟವನ್ನು ಇದು ತೆಗೆಯುವುದಿಲ್ಲ, ಆ ಫೋನಿಗೆ ಮಾತ್ರ ಅನ್ವಯಿಸುತ್ತದೆ. ಹೆಚ್ಚಿನ ಹಿಡಿತ ಬೇಕಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ. ಸಮಯದ ಮಿತಿಯನ್ನೂ ಅದರಲ್ಲಿ ಇಡಬಹುದು. 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂಬ ಅನುಮತಿಯನ್ನು ಬ್ರೌಸರ್, ಫೈಲ್ ಮ್ಯಾನೇಜರ್ ಸೇರಿದಂತೆ ಪಟ್ಟಿಯಲ್ಲಿರುವ ಎಲ್ಲ ಆ್ಯಪ್‌ಗಳಿಗೂ ಆಫ್ ಮಾಡಿ, ಎಪಿಕೆ ದಾರಿ ಮುಚ್ಚುತ್ತದೆ.

ಪ್ಲೇಸ್ಟೇಷನ್‌ನಲ್ಲಿ ಮಗುವಿಗೆ ಪ್ರತ್ಯೇಕ ಖಾತೆ ಮಾಡಿ, ಆಟದ ವಯೋಮಿತಿ, ಮಾತುಕತೆಯ ನಿರ್ಬಂಧ, ತಿಂಗಳ ಖರ್ಚಿನ ಮಿತಿ ಇಡಿ. ಎಲ್ಲರೂ ಎಡವುವುದು ಇಲ್ಲಿಯೇ: ಮಗುವಿನ ಖಾತೆಗೆ ಬೀಗ ಹಾಕಿ, ತಮ್ಮ ಖಾತೆಗೆ ಪಾಸ್‌ಕೋಡ್ ಇಡುವುದನ್ನು ಮರೆಯುತ್ತಾರೆ. ಕಂಪ್ಯೂಟರ್‌ನಲ್ಲಿ ಆಟಗಳನ್ನು ಮಾರುವ ಸ್ಟೀಮ್ ಬಳಸುತ್ತಿದ್ದರೆ, ಅದರ ವಯಸ್ಸಿನ ಪ್ರಶ್ನೆಗೆ ವಯಸ್ಕರದೆನಿಸುವ ಯಾವುದೇ ಸುಳ್ಳು ಜನ್ಮದಿನಾಂಕ ಕೊಟ್ಟರೂ ಆಟದ ಪುಟ ತೆರೆದುಕೊಳ್ಳುತ್ತದೆ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಮಗುವಿನ ಖಾತೆ ಮಾಡಿ, ಯಾವ ಆಟಗಳು ಕಾಣಬೇಕೆಂದು ನೀವೇ ಆರಿಸಿ.

8. ಮಗುವಿಗೆ ಕಾರಣ ಹೇಳಿ

ನಿರಾಕರಿಸುವಾಗ "ಬೇಡ ಅಂದ್ರೆ ಬೇಡ" ಎಂಬ ಮಾತು ಹದಿನಾಲ್ಕರ ಮಗುವಿನ ಹತ್ತಿರ ಹೆಚ್ಚು ದಿನ ಬಾಳಿಕೆ ಬರುವುದಿಲ್ಲ. ನೀವು ನೋಡಿದ ದೃಶ್ಯವನ್ನು ಹೆಸರಿಸಿ, ಅದೇಕೆ ಒಪ್ಪಿಗೆಯಾಗಲಿಲ್ಲವೆಂದು ಹೇಳಿ, ಯಾವಾಗ ಮತ್ತೆ ಕೇಳಬಹುದೆಂದೂ ಹೇಳಿ. ಬದಲಿಗೆ ಬೇರೊಂದು ಆಟ ಇರಲಿ. ಮೈನ್‌ಕ್ರಾಫ್ಟ್ ಚಿಕ್ಕವರದು ಎಂದು ಮೂಗು ಮುರಿಯುವ ಮಗುವಿಗೆ ಫುಟ್‌ಬಾಲ್, ಕ್ರಿಕೆಟ್, ಕಾರ್ ರೇಸಿಂಗ್ ಆಟಗಳಿವೆ. ಒಪ್ಪಿದ್ದರೆ ಷರತ್ತುಗಳು ಎರಡು ಮೂರಕ್ಕಿಂತ ಹೆಚ್ಚಿರಬಾರದು: ಎಲ್ಲಿ, ಎಷ್ಟು ಹೊತ್ತು, ಯಾರ ಜೊತೆ.

ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಮನೆಗೆ ಹೋದಾಗ ಅಲ್ಲಿ ಅಣ್ಣಂದಿರ ಫೋನಿನಲ್ಲಿ ಇದೇ ಆಟ ಇರುತ್ತದೆ, ಗಂಟೆ ಲೆಕ್ಕದಲ್ಲಿ ಹಣ ಪಡೆಯುವ ಗೇಮಿಂಗ್ ಪಾರ್ಲರ್‌ನಲ್ಲಿ ವಯಸ್ಸು ಕೇಳುವವರು ವಿರಳ. ಇದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಆಡಿ ಬಂದದ್ದನ್ನು ಮಗು ನಿಮ್ಮ ಹತ್ತಿರ ಹೇಳಿದ ದಿನ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

9. ಆಮೇಲೆ ಗಮನವಿಡಿ

ಮೊದಲ ಕೆಲವು ವಾರ ನಿದ್ದೆ, ಊಟ, ಸಿಡುಕು, ಓದು ಇವುಗಳನ್ನು ಗಮನಿಸಿ. ಆಟ ನಿಲ್ಲಿಸೆಂದಾಗ ಹತ್ತು ನಿಮಿಷ ಗೊಣಗುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ 'ಗೇಮಿಂಗ್ ಡಿಸಾರ್ಡರ್' 2022ರಿಂದ ಜಾರಿಯಲ್ಲಿದ್ದು, ಅದಕ್ಕೆ ಹೇಳಿರುವ ಲಕ್ಷಣಗಳು ಬೇರೆ: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು, ಅದೂ ಸಾಮಾನ್ಯವಾಗಿ 12 ತಿಂಗಳ ಕಾಲ. ನೀವಾಗಿ ಮಗುವಿಗೆ ಆ ಹೆಸರು ಅಂಟಿಸಬೇಡಿ. ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ 'ಶಟ್' ಕ್ಲಿನಿಕ್ ಇಂಥ ತೊಂದರೆಗೆಂದೇ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವ ಮುನ್ನ ಒಂದೆರಡು ವಾರ ಮಗು ಆಡಿದ ಹೊತ್ತು, ಮಲಗಿದ ಹೊತ್ತು, ಶಾಲೆ ತಪ್ಪಿಸಿದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರೆ, ಅವರು ಕೇಳಬಹುದಾದ ಇಂಥ ಪ್ರಶ್ನೆಗಳಿಗೆ ಅಂದಾಜಿನಲ್ಲಿ ಉತ್ತರಿಸಬೇಕಾಗುವುದಿಲ್ಲ.